ಪಾತ್ರೆಯೂ ಒಂದು ಸಂಸ್ಕಾರ: ಪ್ಲಾಸ್ಟಿಕ್, ಪ್ರಸಾದ ಮತ್ತು ನಮ್ಮ ಆರೋಗ್ಯ

ಆಹಾರದ ಗುಣದೋಷಗಳು ಧಾನ್ಯ, ತರಕಾರಿ, ಎಣ್ಣೆ, ಉಪ್ಪುಗಳಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಅದನ್ನು ಬೇಯಿಸಿದ ಬಗೆ, ತುಂಬಿಸಿದ ಪಾತ್ರೆ, ಹಾಗೆಯೇ ಇರಿಸಿದ ಅವಧಿ ಇವೆಲ್ಲವೂ ಅದರ ಗುಣದೊಳಗೆ ಸೇರುತ್ತವೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯವು ಆಹಾರವನ್ನು ಎಂಟು ಬಗೆಯಿಂದ ವಿಚಾರಿಸಬೇಕೆಂದು ಹೇಳುತ್ತದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ಇವುಗಳಲ್ಲಿ ಎರಡನೆಯದಾದ ಕರಣವೆಂದರೆ ಸಂಸ್ಕಾರ. ದ್ರವ್ಯದ ಸಹಜ ಗುಣವನ್ನು ಬದಲಿಸುವ ಕ್ರಿಯೆ. ನೀರು, ಬೆಂಕಿ, ಶುದ್ಧಿ, ಕಡೆಯುವಿಕೆ ಮೊದಲಾದುವನ್ನು ಎಣಿಸುತ್ತ ಬರುವ ಆಚಾರ್ಯರು ಆ ಸಾಲಿನಲ್ಲಿಯೇ ಕಾಲಪ್ರಕರ್ಷವನ್ನೂ ಭಾಜನವನ್ನೂ ಸೇರಿಸಿದ್ದಾರೆ. ಕಾಲಪ್ರಕರ್ಷವೆಂದರೆ ಬಹುಕಾಲ ಇರಿಸುವುದು, ಭಾಜನವೆಂದರೆ ಪಾತ್ರೆ.

ಈ ಮಾತು ಬರಿಯ ತತ್ತ್ವವಲ್ಲ. ಕಂಚಿನ ಪಾತ್ರೆಯಲ್ಲಿ ಹತ್ತು ದಿನ ಇರಿಸಿದ ತುಪ್ಪವನ್ನು ಸೇವಿಸಬಾರದೆಂದು ಅಷ್ಟಾಂಗಹೃದಯವು ವಿರುದ್ಧಾಹಾರದ ಪ್ರಕರಣದಲ್ಲಿ ವಿಧಿಸುತ್ತದೆ. ತುಪ್ಪ ಒಳ್ಳೆಯದು, ಕಂಚೂ ಒಳ್ಳೆಯದು. ಅವೆರಡೂ ದೀರ್ಘಕಾಲ ಕೂಡಿದಾಗ ಮಾತ್ರ ದೋಷ. ಕಂಚಿನಲ್ಲಿರುವ ತಾಮ್ರದ ಸಂಪರ್ಕದಿಂದ ಕೊಬ್ಬು ಬೇಗ ಕಮಟಾಗುವುದೆಂದು ಇಂದಿನ ರಸಾಯನಶಾಸ್ತ್ರವೂ ಹೇಳುತ್ತದೆ. ನಮ್ಮ ಕರಾವಳಿಯ ಹಿರಿಯ ಗೃಹಿಣಿಯರು ಶಾಸ್ತ್ರವನ್ನು ಓದದೆಯೇ ಇದನ್ನು ಬಲ್ಲವರಾಗಿದ್ದರು. ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಅವರು ಹುಳಿ ಕುದಿಸುತ್ತಿರಲಿಲ್ಲ. ಉಪ್ಪಿನಕಾಯಿಯನ್ನು ಭರಣಿಗೇ ತುಂಬಿಸುತ್ತಿದ್ದರು.

ಆದರೆ ಇಂದು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಭಾಜನವು ಕಂಚೂ ಅಲ್ಲ, ಹಿತ್ತಾಳೆಯೂ ಅಲ್ಲ, ಮಣ್ಣೂ ಅಲ್ಲ, ಪ್ಲಾಸ್ಟಿಕ್. ಇದರ ಬಗೆಗೆ ಅಜ್ಜಿಯರಿಂದ ಬಂದ ತಿಳಿವಳಿಕೆ ನಮಗಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ, ಈ ವಸ್ತುವಿನ ಸ್ವರೂಪವೇನು, ಇತ್ತೀಚಿನ ಸಂಶೋಧನೆಗಳು ಏನು ತಿಳಿಸಿವೆ, ಭಕ್ತರು ಯಾವ ವಿವೇಕದಿಂದ ಇದನ್ನು ಬಳಸಬೇಕು ಎಂಬುದನ್ನು ವಿಚಾರಿಸೋಣ.

ಪ್ಲಾಸ್ಟಿಕ್‌ನ ಸ್ವರೂಪ

ಹತ್ತಿಯ ನೂಲು, ರೇಷ್ಮೆ, ಮರದ ನಾರು, ನಮ್ಮ ದೇಹದ ಮಾಂಸಧಾತುವಿನಲ್ಲಿರುವ ಪ್ರೋಟೀನು ಇವೆಲ್ಲವೂ ಚಿಕ್ಕ ಚಿಕ್ಕ ಅಣುಗಳು ಕೊಂಡಿಗೆ ಕೊಂಡಿ ಬೆಸೆದು ಆದ ಉದ್ದನೆಯ ಸರಪಣಿಗಳು. ಇಂತಹ ಸರಪಣಿಗೆ ಪಾಲಿಮರ್ ಎಂದು ಹೆಸರು. ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಈ ವಿಚಾರವನ್ನು ಮುಂದಿಟ್ಟಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. 1953ರಲ್ಲಿ ಅದೇ ಕಾರ್ಯಕ್ಕಾಗಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಇಂದಿನ ಪ್ಲಾಸ್ಟಿಕ್‌ಗಳಲ್ಲಿ ಬಹುಪಾಲು ಖನಿಜತೈಲ ಮತ್ತು ಅನಿಲಗಳಿಂದ ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್‌ಗಳು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉದ್ದನೆಯ ಸರಪಣಿಯು ಸುಲಭವಾಗಿ ಕದಲುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಕದಲುವುದು ಆ ಸರಪಣಿಗಳ ನಡುವೆ ಉಳಿದಿರುವ ಸಣ್ಣ ಅಣುಗಳು. ಸರಪಣಿಗೆ ಸೇರದೆ ಉಳಿದ ಮೂಲಘಟಕಗಳು, ವಸ್ತುವನ್ನು ಮೃದುಗೊಳಿಸಲು ಬೆರೆಸಿದ ದ್ರವ್ಯಗಳು, ಬಿಸಿಲಿಗೆ ಹಾಳಾಗದಂತೆ ಸೇರಿಸಿದ ರಕ್ಷಕಗಳು, ಬಣ್ಣಗಳು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಪಿವಿಸಿಯನ್ನು ಬಳುಕುವಂತೆ ಮಾಡಲು ಸೇರಿಸುವ ಥ್ಯಾಲೇಟ್‌ಗಳೂ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್‌ನ ಮೂಲಘಟಕವಾದ ಬಿಸ್ಫಿನಾಲ್-ಎ ಕೂಡ ಇಂತಹವು. ಇವು ದೇಹದ ಹಾರ್ಮೋನುಗಳ ಕಾರ್ಯದಲ್ಲಿ ಕೈಹಾಕಬಲ್ಲವೆಂಬ ಕಾರಣದಿಂದಲೇ ವಿಶೇಷ ಕಾಳಜಿಗೆ ಪಾತ್ರವಾಗಿವೆ. ಮಕ್ಕಳ ಹಾಲಿನ ಬಾಟಲಿಗಳಿಗೆ ಪಾಲಿಕಾರ್ಬೊನೇಟ್ ಬಳಸಬಾರದೆಂದು ಭಾರತೀಯ ಮಾನಕ ಬ್ಯೂರೋ 2015ರ ಮಾನಕದಲ್ಲಿ ವಿಧಿಸಿತು. ಆಹಾರಕ್ಕೆ ತಗಲುವ ವಸ್ತುಗಳಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನು ಐರೋಪ್ಯ ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ನಿಷೇಧಿಸಿತು.

ಕಾಪು ಕಡಲತೀರದ ಒಂದು ಪಾಠ

ಎಲ್ಲ ಪ್ಲಾಸ್ಟಿಕ್ ವಿಷ ಎಂದು ಸಾರುವುದು ಸುಲಭ. ಆದರೆ ಅದು ಸತ್ಯವಲ್ಲ. 1901ರಲ್ಲಿ ಕಟ್ಟಿದ ನಮ್ಮ ಕಾಪುವಿನ ದೀಪಸ್ತಂಭದ ಆಚೀಚೆ ಮರಳಿನ ಮೇಲೆ ಎಳೆದಿಟ್ಟ ದೋಣಿಗಳನ್ನು ನೋಡಿರಿ. ಮರದ ದೋಣಿಗಳ ಸ್ಥಾನವನ್ನು ಬಹುಮಟ್ಟಿಗೆ ಫೈಬರ್ ದೋಣಿಗಳು ಪಡೆದಿವೆ. ಇದು ಕಾಂಪೊಸಿಟ್, ಎಂದರೆ ಸಂಯೋಜಿತ ವಸ್ತು. ಹಿಂದಿನವರು ಮಣ್ಣಿನ ಗೋಡೆ ಬಿರಿಯದಿರಲೆಂದು ಮಣ್ಣಿಗೆ ಹುಲ್ಲು ಬೆರೆಸುತ್ತಿದ್ದರು. ಮಣ್ಣು ಹಿಡಿದುಕೊಳ್ಳುತ್ತದೆ, ಹುಲ್ಲು ಎಳೆತವನ್ನು ತಡೆಯುತ್ತದೆ. ಅದೇ ತತ್ತ್ವದಂತೆ ಇಲ್ಲಿ ಗಾಜಿನ ನಾರಿನ ಹಾಸುಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ಅದ್ದಿ ಪದರ ಪದರವಾಗಿ ಕೂಡಿಸುತ್ತಾರೆ. ಗೆದ್ದಲು ಹಿಡಿಯದ, ಕೊಳೆಯದ, ಹಗುರವಾದ ದೋಣಿ ಸಿದ್ಧವಾಗುತ್ತದೆ.

ದೋಣಿಯಾದ ಮೇಲೆ ಅದರಲ್ಲಿ ಕುಳಿತವನಿಗೆ ಆ ರಾಳದಿಂದ ಹೆಚ್ಚಿನ ಭಯವಿಲ್ಲ. ಭಯವಿರುವುದು ಅದನ್ನು ಮಾಡುವವನಿಗೆ ಮತ್ತು ದುರಸ್ತಿ ಮಾಡುವವನಿಗೆ. ಆ ರಾಳವು ದ್ರವವಾಗಿರುವುದು ಸ್ಟೈರೀನ್ ಎಂಬ ಸಣ್ಣ ಅಣುವಿನಲ್ಲಿ ಕರಗಿರುವುದರಿಂದ. ಗಟ್ಟಿಯಾಗುವಾಗ ಸ್ಟೈರೀನ್‌ನ ಬಹುಭಾಗ ಸರಪಣಿಗೆ ಸೇರುತ್ತದೆ. ಉಳಿದುದು ಆವಿಯಾಗಿ ಉಸಿರಿಗೆ ಹೋಗುತ್ತದೆ. ತಲೆನೋವು, ತಲೆಸುತ್ತು, ಕಣ್ಣುರಿ ಇವು ಅದರ ಮೊದಲ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2018ರಲ್ಲಿ ಸ್ಟೈರೀನ್ ಅನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿದರು. ಈ ಕಾಯಕ ಮಾಡುವ ಬಂಧುಗಳು ಗಾಳಿಯಾಡುವ ಬಯಲಿನಲ್ಲಿ, ಗಾಳಿಗೆ ಬೆನ್ನುಕೊಟ್ಟು ಕೆಲಸ ಮಾಡಬೇಕು. ಬಟ್ಟೆಯ ಮುಖಗವಸು ಆವಿಯನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಮಾಡಿದ, ಇದ್ದಿಲು ತುಂಬಿದ ಮುಖಗವಸು ಬೇಕು. ಉಜ್ಜುವಾಗ ನೀರು ಚಿಮುಕಿಸಿದರೆ ಗಾಜಿನ ದೂಳು ಏಳುವುದಿಲ್ಲ. ರಾಳಕ್ಕೆ ಬೆರೆಸುವ ಗಟ್ಟಿಕಾರಕ ದ್ರವವು ಕಣ್ಣಿಗೆ ಅತ್ಯಂತ ಅಪಾಯಕಾರಿ. ಸಿಡಿದರೆ ಕೂಡಲೇ ಹದಿನೈದು ನಿಮಿಷವಾದರೂ ಶುದ್ಧ ನೀರಿನಿಂದ ತೊಳೆಯುತ್ತಲೇ ಇದ್ದು, ಬಳಿಕ ತಡಮಾಡದೆ ನೇತ್ರವೈದ್ಯರ ಬಳಿಗೆ ಹೋಗಬೇಕು.

ಹೀಗೆ ಒಂದೇ ವಸ್ತು ಹಸಿಯಾಗಿದ್ದಾಗ ಒಂದು ಗುಣ, ಗಟ್ಟಿಯಾದಾಗ ಮತ್ತೊಂದು ಗುಣ ತೋರುತ್ತದೆ. ದಂತವೈದ್ಯರು ಹಲ್ಲಿನ ಕುಳಿಗೆ ತುಂಬುವ ಬಿಳಿಯ ಭರ್ತಿಯೂ ರಾಳ ಮತ್ತು ಗಾಜಿನಂತಹ ನುಣುಪು ಕಣಗಳ ಕಾಂಪೊಸಿಟ್ ಆಗಿದೆ. ನೀಲಿ ಬೆಳಕು ಹಿಡಿದು ಅದನ್ನು ಚೆನ್ನಾಗಿ ಗಟ್ಟಿಗೊಳಿಸುವುದು ಇದೇ ಕಾರಣದಿಂದ. ರಕ್ತದ ಚೀಲ, ಸಲೈನ್ ನಳಿಕೆ, ಇನ್ಸುಲಿನ್ ಸಿರಿಂಜು ಇವುಗಳಿಂದ ಉಳಿದ ಪ್ರಾಣಗಳು ಅಸಂಖ್ಯ. ಯಾವ ಕೆಲಸಕ್ಕೆ ರೂಪಿಸಿದ್ದೋ ಆ ಕೆಲಸದಲ್ಲಿ ಪ್ಲಾಸ್ಟಿಕ್ ಉಪಕಾರಿ. ನಮ್ಮ ಅಡುಗೆಮನೆಯ ತೊಂದರೆ ಹುಟ್ಟುವುದು ತಣ್ಣೀರಿಗೆಂದು ಮಾಡಿದುದಕ್ಕೆ ಕುದಿಯುವ ಸಾರನ್ನು ಹೊಯ್ದಾಗ.

ಉಷ್ಣ, ಸ್ನೇಹ, ಅಮ್ಲ, ಕಾಲ

ಪ್ಲಾಸ್ಟಿಕ್‌ನೊಳಗಿನ ಸಣ್ಣ ಅಣುಗಳು ಆಹಾರಕ್ಕೆ ದಾಟುವುದನ್ನು ನಾಲ್ಕು ಸಂಗತಿಗಳು ಹೆಚ್ಚಿಸುತ್ತವೆ. ಮೊದಲನೆಯದು ಉಷ್ಣ, ಬಿಸಿಯೇರಿದಂತೆ ಸರಪಣಿಗಳು ಸಡಿಲಗೊಂಡು ನಡುವಿನ ಅಣುಗಳಿಗೆ ದಾರಿ ಬಿಡುತ್ತವೆ. ಎರಡನೆಯದು ಸ್ನೇಹ, ಈ ಅಣುಗಳಲ್ಲಿ ಅನೇಕವು ನೀರಿಗಿಂತ ಎಣ್ಣೆ, ತುಪ್ಪಗಳಲ್ಲಿ ಸುಲಭವಾಗಿ ಕರಗುತ್ತವೆ. ಮೂರನೆಯದು ಅಮ್ಲ, ಹುಣಸೆ, ಲಿಂಬೆ, ಮಜ್ಜಿಗೆಗಳ ಹುಳಿ. ನಾಲ್ಕನೆಯದು ಕಾಲ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದಾಗ ಒಗ್ಗರಣೆಯ ಎಣ್ಣೆ, ಹುಣಸೆಯ ಹುಳಿ, ಒಲೆಯ ಬಿಸಿ, ದಾರಿಯ ಸಮಯ ಈ ನಾಲ್ಕೂ ಒಟ್ಟಿಗೆ ಕೂಡಿರುತ್ತವೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಈ ದಾಟುವಿಕೆಗೆ ಮಿತಿ ಹಾಕಿವೆ: ಒಂದು ಕಿಲೋ ಆಹಾರಕ್ಕೆ ಪ್ಲಾಸ್ಟಿಕ್‌ನಿಂದ ಒಟ್ಟು 60 ಮಿಲಿಗ್ರಾಂಗಿಂತ ಹೆಚ್ಚು ಸೇರಬಾರದು. ಇದನ್ನು ಪರೀಕ್ಷಿಸುವ ಕ್ರಮವೂ ತಿಳಿಯಬೇಕಾದುದು. ನೀರಿನಂತಹ ಆಹಾರಕ್ಕೆ ಶುದ್ಧ ನೀರು, ಹುಳಿಗೆ ವಿನೆಗರ್‌ನ ಸಾರವಾದ ಅಸಿಟಿಕ್ ಆಮ್ಲ, ಮದ್ಯಸಾರವಿರುವುದಕ್ಕೆ ಮದ್ಯಸಾರದ ದ್ರಾವಣ, ಕೊಬ್ಬಿಗೆ ಅದಕ್ಕೆ ಸಮಾನವಾದ ದ್ರಾವಕ. ಹೀಗೆ ಆಹಾರಕ್ಕೆ ತಕ್ಕ ದ್ರವವನ್ನು ಆರಿಸಿ ಪ್ಲಾಸ್ಟಿಕ್‌ಗೆ ತಗಲಿಸಿ ಇರಿಸುತ್ತಾರೆ. ಕೋಣೆಯ ಉಷ್ಣತೆಯಲ್ಲಿ ದೀರ್ಘಕಾಲ ಇಡುವ ಆಹಾರಕ್ಕೆ ಈ ಪರೀಕ್ಷೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ದಿನ ನಡೆಯುತ್ತದೆ. ಕಂಚಿನ ಪಾತ್ರೆಯ ತುಪ್ಪಕ್ಕೆ ನಮ್ಮ ಆಚಾರ್ಯರು ಹೇಳಿದ ಅವಧಿಯೂ ಹತ್ತು ದಿನ. ಇದು ಆಕಸ್ಮಿಕವಾದ ಸಾಮ್ಯ. ಆದರೆ ದ್ರವ್ಯ, ಭಾಜನ, ಕಾಲ ಈ ಮೂರನ್ನು ಒಟ್ಟಿಗೆ ಇಟ್ಟು ಪರೀಕ್ಷಿಸುವ ದೃಷ್ಟಿ ಎರಡರಲ್ಲಿಯೂ ಒಂದೇ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಆಹಾರಯೋಗ್ಯ ಎಂಬ ಮುದ್ರೆಯು ಆ ಪ್ಲಾಸ್ಟಿಕ್ ಎಲ್ಲ ಬಳಕೆಗೂ ಯೋಗ್ಯವೆಂದು ಹೇಳುವುದಿಲ್ಲ. ಯಾವ ಆಹಾರಕ್ಕೆ, ಯಾವ ಬಿಸಿಗೆ ಪರೀಕ್ಷಿಸಿದ್ದೋ ಅದಕ್ಕೆ ಮಾತ್ರ ಅದರ ಭರವಸೆ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಇರುವ ಅಂಕೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿರಿ. 1 ಎಂದರೆ ಪೆಟ್, ನೀರಿನ ಬಾಟಲಿಯದು. ಕುದಿನೀರು ಹೊಯ್ದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. 2 ಮತ್ತು 4 ಪಾಲಿಥೀನ್‌ನ ಎರಡು ಬಗೆ. 3 ಪಿವಿಸಿ, 6 ಪಾಲಿಸ್ಟೈರೀನ್ ಅಥವಾ ಥರ್ಮೊಕೋಲ್. ಬಿಸಿ ಆಹಾರಕ್ಕೆ ಇವೆರಡೂ ಸಲ್ಲವು. 5 ಪಾಲಿಪ್ರೊಪಿಲೀನ್, ಇವುಗಳಲ್ಲಿ ಬಿಸಿಯನ್ನು ಹೆಚ್ಚು ತಾಳುವಂತಹುದು. 7 ಎಂದರೆ ಉಳಿದೆಲ್ಲವೂ; ಪಾಲಿಕಾರ್ಬೊನೇಟ್ ಕೂಡ ಇದರಲ್ಲಿಯೇ ಸೇರುತ್ತದೆ.

ಸೂಕ್ಷ್ಮ ಕಣಗಳ ವಿಚಾರ

ಅಣುಗಳ ಜೊತೆಗೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್‌ನ ಚೂರುಗಳೂ ಆಹಾರಕ್ಕೆ ಸೇರುತ್ತವೆ ಎಂಬುದು ಈಚಿನ ವರ್ಷಗಳ ತಿಳಿವಳಿಕೆ. ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಪಾಲಿಪ್ರೊಪಿಲೀನ್‌ನ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿದರು. ನೀರಿನ ಬಿಸಿ 25 ಡಿಗ್ರಿಯಿಂದ 95 ಡಿಗ್ರಿಗೆ ಏರಿದಾಗ ಲೀಟರಿಗೆ ಸುಮಾರು 6 ಲಕ್ಷವಿದ್ದ ಕಣಗಳ ಸಂಖ್ಯೆ 5.5 ಕೋಟಿಗೆ ಏರಿತು. ಬಿಸಿಯನ್ನು ಹೆಚ್ಚು ತಾಳುವ 5ನೇ ಅಂಕೆಯ ಪ್ಲಾಸ್ಟಿಕ್‌ನ ಸ್ಥಿತಿಯೂ ಇದು. ಅದೇ ಕಾಲಕ್ಕೆ ನಮ್ಮ ದೇಶದ ಖರಗ್‌ಪುರದ ಐಐಟಿಯಲ್ಲಿ ಕಾಗದದ ಲೋಟಗಳ ಅಧ್ಯಯನ ನಡೆಯಿತು. ಕಾಗದದ ಲೋಟ ಸೋರದಿರಲು ಒಳಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. 85ರಿಂದ 90 ಡಿಗ್ರಿಯ ನೂರು ಮಿಲಿಲೀಟರ್ ನೀರನ್ನು ಹದಿನೈದು ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಕಣಗಳು ನೀರಿಗೆ ಬಂದುವು. ಪ್ಲಾಸ್ಟಿಕ್ ಬೇಡವೆಂದು ಕಾಗದದ ಲೋಟ ಹಿಡಿದವರು ಇದನ್ನು ಗಮನಿಸಬೇಕು.

ಇಟಲಿಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಗಂಭೀರವಾದುದು. ಕತ್ತಿನ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರವನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡ 257 ರೋಗಿಗಳಲ್ಲಿ 150 ಜನರ ಪದರದಲ್ಲಿ ಪಾಲಿಥೀನ್ ಕಂಡುಬಂದಿತು. ಪ್ಲಾಸ್ಟಿಕ್ ಕಣಗಳಿದ್ದವರಲ್ಲಿ ಮುಂದಿನ ಸುಮಾರು 34 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಮರಣದ ಸಂಭವ ಉಳಿದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು. ಇದು ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದುದರ ನಿರೂಪಣೆ. ಒಂದೇ ಇನ್ನೊಂದಕ್ಕೆ ಕಾರಣವೆಂಬುದರ ಸಿದ್ಧಿಯಲ್ಲ. ಆದುದರಿಂದ ರಕ್ತದೊತ್ತಡ, ಮಧುಮೇಹ, ತಂಬಾಕುಗಳನ್ನು ಕಡೆಗಣಿಸಿ ಪ್ಲಾಸ್ಟಿಕ್‌ಗೆ ಮಾತ್ರ ಅಂಜುವುದು ಅವಿವೇಕ. ದೇಹದಿಂದ ಪ್ಲಾಸ್ಟಿಕ್ ಕಣಗಳನ್ನು ಹೊರಹಾಕುವ ಚೂರ್ಣ, ಕಷಾಯಗಳೆಂದು ಮಾರುವವರ ಮಾತಿಗೂ ಮರುಳಾಗಬೇಡಿರಿ. ನಿದಾನ ಪರಿವರ್ಜನ, ಎಂದರೆ ಕಾರಣವನ್ನು ದೂರವಿಡುವುದು, ಆಯುರ್ವೇದದಲ್ಲಿ ಮೊದಲ ಚಿಕಿತ್ಸೆ. ಇಲ್ಲಿಯೂ ಅದೇ ದಾರಿ.

ಹೊಸ ವಸ್ತುಗಳು ಮತ್ತು ಹಸಿರು ಎಂಬ ಹೆಸರು

ಗಾಜಿನ ನಾರಿನ ಬದಲಿಗೆ ತೆಂಗಿನ ನಾರು, ಅಡಿಕೆ ಸಿಪ್ಪೆಯ ನಾರು, ಸೆಣಬು, ಬಿದಿರುಗಳನ್ನು ಬಳಸಿ ಕಾಂಪೊಸಿಟ್ ಮಾಡುವ ಸಂಶೋಧನೆ ಇಂದು ವ್ಯಾಪಕವಾಗಿದೆ. ನಮ್ಮ ಜಿಲ್ಲೆಯ ಮಣಿಪಾಲದ ತಾಂತ್ರಿಕ ಮಹಾವಿದ್ಯಾಲಯದಲ್ಲೂ ನಡೆದಿದೆ. ಸಸ್ಯದ ನಾರು ನೀರನ್ನು ಹೀರುವ ಸ್ವಭಾವದ್ದು, ರಾಳ ನೀರನ್ನು ದೂರವಿಡುವ ಸ್ವಭಾವದ್ದು; ಇವೆರಡಕ್ಕೆ ಹೊಂದಿಕೆಯಾಗಲೆಂದು ನಾರನ್ನು ಮೊದಲು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ತೊಳೆಯುತ್ತಾರೆ. ವಾಹನದ ಒಳಹಲಗೆ, ಪೀಠೋಪಕರಣಗಳಿಗೆ ಇವು ಒಳ್ಳೆಯ ದಾರಿ. ಕೃಷಿಕರು ಎಸೆಯುವ ಸಿಪ್ಪೆಗೂ ಬೆಲೆ ಬರುತ್ತದೆ. ಆದರೆ ನಾರು ಸಸ್ಯದ್ದಾದರೂ ಹಿಡಿದಿಡುವ ರಾಳ ಸಾಮಾನ್ಯವಾಗಿ ರಾಸಾಯನಿಕವೇ. ಬಿದಿರಿನದು ಎಂಬ ಹೆಸರಿನ ಮಾತ್ರಕ್ಕೆ ಅಂತಹ ಲೋಟದಲ್ಲಿ ಬಿಸಿ ಹಾಲು ಕುಡಿಯಬಾರದು.

ಜೋಳ, ಕಬ್ಬುಗಳ ಸಕ್ಕರೆಯಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಕೂಡ ಹೀಗೆಯೇ. ಅದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಅಷ್ಟೇ ಬಿಸಿಯನ್ನು ಕಾಯ್ದುಕೊಳ್ಳುವ ಗೊಬ್ಬರದ ಕಾರ್ಖಾನೆಯಲ್ಲಿ ಕರಗುತ್ತದೆಯೇ ಹೊರತು ಹಿತ್ತಿಲ ಗುಂಡಿಯಲ್ಲಾಗಲಿ ಕಡಲಿನಲ್ಲಾಗಲಿ ಬೇಗನೆ ಕರಗುವುದಿಲ್ಲ.

ನಮ್ಮ ಭಾಗದ ಅಡಿಕೆ ಹಾಳೆಯ ತಟ್ಟೆಗೂ ಈ ವಿಚಾರಣೆ ತಪ್ಪಿಲ್ಲ. ಅಡಿಕೆಯಲ್ಲಿರುವ ಕ್ಷಾರೀಯ ಸತ್ತ್ವಗಳು ಹಾಳೆಯಿಂದ ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಇಂತಹ ತಟ್ಟೆಗಳಿಗೆ ತಡೆಯೊಡ್ಡಿತು. ಎಂದೋ ಒಮ್ಮೆ ಹಾಳೆಯ ತಟ್ಟೆಯಲ್ಲಿ ಉಂಡುದಕ್ಕೆ ಯಾರೂ ಹೆದರಬೇಕಾಗಿಲ್ಲ. ಆದರೆ ಸಹಜವಾದುದೆಲ್ಲ ನಿರ್ದೋಷ, ಕೃತಕವಾದುದೆಲ್ಲ ಸದೋಷ ಎಂಬ ಎಣಿಕೆ ಸರಿಯಲ್ಲ. ಎಲ್ಲ ಭಾಜನಗಳಿಗೂ ಒಂದೇ ಪ್ರಶ್ನೆ: ಏನನ್ನು, ಎಷ್ಟು ಬಿಸಿಯಾಗಿ, ಎಷ್ಟು ಹೊತ್ತು ಇಡುತ್ತೇವೆ? ಬಾಳೆಯೆಲೆಯ ಊಟ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಬಡಿಸಿದ ಅರ್ಧ ಗಂಟೆಯೊಳಗೆ ಊಟ ಮುಗಿದಿರುತ್ತದೆ.

ಬಚ್ಚಲ ಒಲೆಯ ಹೊಗೆ

ಭಾಜನವಾಗಿ ಬಂದ ಪ್ಲಾಸ್ಟಿಕ್ ಕೊನೆಗೆ ಒಲೆಯ ಇಂಧನವಾಗುವುದು ಅತ್ಯಂತ ಅಪಾಯದ ಸಂಗತಿ. ಮಳೆಗಾಲದಲ್ಲಿ ಸೌದೆ ಹಸಿಯಾದಾಗ ಸ್ನಾನದ ನೀರಿನ ಒಲೆ ಹೊತ್ತಿಸಲು ಹಾಲಿನ ಕವರು, ತೊಟ್ಟೆ, ಹಳೆಯ ಚಪ್ಪಲಿ ಹಾಕುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಪಿವಿಸಿ ಸುಟ್ಟಾಗ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತವೆ. ಡಯಾಕ್ಸಿನ್ ದೇಹದ ಮೇದಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಈ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕುಳಿತ ತಾಯಂದಿರು, ವೃದ್ಧರು. ಕೆಮ್ಮು, ಉಬ್ಬಸಗಳಿಗೆ ಔಷಧ ಕೊಡುವಾಗ ನಾವು ಬೆಳಗಿನ ಒಲೆಗೆ ಏನು ಹಾಕುತ್ತೀರಿ ಎಂದು ಕೇಳುವುದು ಇದಕ್ಕಾಗಿಯೇ. ಒಣಗಿದ ತೆಂಗಿನ ಗರಿ, ಗೆರಟೆ, ಅಡಿಕೆ ಸಿಪ್ಪೆಗಳನ್ನು ಮಳೆಗಾಲಕ್ಕೆ ಮುನ್ನ ಕೂಡಿಟ್ಟುಕೊಂಡರೆ ಪ್ಲಾಸ್ಟಿಕ್‌ನ ಹಂಗಿಲ್ಲ.

ಆಚರಣೆಗೆ ಕೆಲವು ಸೂತ್ರಗಳು

1. ಬಿಸಿ ಆಹಾರ, ಚಹಾ, ಕಷಾಯಗಳಿಗೆ ಸ್ಟೀಲ್, ಗಾಜು ಅಥವಾ ಪಿಂಗಾಣಿಯನ್ನೇ ಬಳಸಬೇಕು. ಪ್ಲಾಸ್ಟಿಕ್ ಡಬ್ಬಿಗೆ ಹಾಕಲೇಬೇಕಾದರೆ ಆಹಾರವನ್ನು ಆರಿಸಿ ಹಾಕಬೇಕು.

2. ನೀರಿನ ಬಾಟಲಿಯನ್ನು ತೊಳೆದು ಅದರಲ್ಲಿ ಎಣ್ಣೆ, ತುಪ್ಪ, ಉಪ್ಪಿನಕಾಯಿ ತುಂಬಿಸಿಡಬಾರದು. ಉಪ್ಪಿನಕಾಯಿಗೆ ಇಂದಿಗೂ ಭರಣಿಯೇ ಯೋಗ್ಯ.

3. ಔಷಧದ ತೈಲ, ಆಸವ, ಅರಿಷ್ಟಗಳನ್ನು ಅವು ಬಂದ ಸೀಸೆಯಲ್ಲಿಯೇ ಇಡಬೇಕು. ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ. ಸಿಕ್ಕಿದ ಪ್ಲಾಸ್ಟಿಕ್ ಬಾಟಲಿಗೆ ಸುರಿದಿಡುವುದು ಸಲ್ಲದು. ತೈಲವನ್ನು ಬೆಚ್ಚಗೆ ಮಾಡುವುದಿದ್ದರೆ ಸ್ಟೀಲ್ ಬಟ್ಟಲಿಗೆ ಹಾಕಿ ಬಿಸಿನೀರಿನ ಮೇಲೆ ಇಡಬೇಕು.

4. ತಾಯಿಯ ಹಾಲು ಸಾಲದೆ ಶಿಶುವಿಗೆ ಬೇರೆ ಹಾಲು ಕೊಡಬೇಕಾದಲ್ಲಿ, ಸ್ಟೀಲ್ ಪಾತ್ರೆಯಲ್ಲಿ ಸಿದ್ಧಪಡಿಸಿ, ಉಗುರುಬೆಚ್ಚಗಾದ ಮೇಲೆ ಲೋಟ ಮತ್ತು ಚಮಚದಿಂದ ಅಥವಾ ಒಳಲೆಯಿಂದ ಕುಡಿಸುವುದು ಉತ್ತಮ.

5. ಗೀರುಬಿದ್ದ, ಮಸುಕಾದ, ವಾಸನೆ ಹಿಡಿದ ಡಬ್ಬಿಗಳನ್ನು ಆಹಾರಕ್ಕೆ ಬಳಸಬಾರದು. ಕುಡಿಯುವ ನೀರಿನ ಕ್ಯಾನನ್ನು ಬಿಸಿಲಿನಲ್ಲಿ ಇಡಬಾರದು.

6. ಪ್ಲಾಸ್ಟಿಕ್ ಅನ್ನು ಸುಡಬಾರದು. ಒಣಕಸವಾಗಿ ಬೇರ್ಪಡಿಸಿ ಸ್ಥಳೀಯ ಸಂಸ್ಥೆಯ ವಾಹನಕ್ಕೆ ಕೊಡಬೇಕು.

ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿದೆ. ಏಕಬಳಕೆಯ ಅನೇಕ ವಸ್ತುಗಳಿಗೆ ದೇಶವ್ಯಾಪಿ ನಿಷೇಧವೂ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೂ ಗೃಹಪ್ರವೇಶ, ಮದುವೆ, ಜಾತ್ರೆಗಳಲ್ಲಿ ಬಿಸಿ ಪಾಯಸವು ತೆಳುವಾದ ಲೋಟಗಳಿಗೆ ಬೀಳುವುದು ನಿಂತಿಲ್ಲ. ಕಾನೂನು ಅಂಗಡಿಯವರೆಗೆ ಬರಬಲ್ಲುದು; ಪಂಕ್ತಿಯವರೆಗೆ ಬರಬೇಕಾದುದು ನಮ್ಮ ವಿವೇಕ.

ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದಗಳೆರಡೂ ಸೇರಿವೆ. ನೀರು ಮತ್ತು ಅನ್ನಗಳಿಗೆ ಇಷ್ಟು ಎತ್ತರದ ಸ್ಥಾನವನ್ನು ಕೊಟ್ಟ ಪರಂಪರೆಯವರು ನಾವು. ದಾಸೋಹದಲ್ಲಿ ಸೇವೆ ಸಲ್ಲಿಸುವ ಬಂಧುಗಳು ಬಾಳೆಯೆಲೆ ಅಥವಾ ತೊಳೆದು ಬಳಸುವ ಸ್ಟೀಲ್ ತಟ್ಟೆ ಲೋಟಗಳನ್ನು ಆರಿಸಿಕೊಳ್ಳಲಿ. ತೊಳೆಯುವ ಕೆಲಸ ಹೆಚ್ಚುವುದು ನಿಜ. ಹತ್ತು ಜನ ಕೈಗೂಡಿಸಿದರೆ ಅದೂ ಒಂದು ಕಾಯಕವೇ. ಮನೆಯಲ್ಲಿರುವ ವೃದ್ಧರಿಗೆ, ರೋಗಿಗಳಿಗೆ ಪ್ರಸಾದ ಒಯ್ಯುವ ಭಕ್ತರು ಮಠಕ್ಕೆ ಬರುವಾಗ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ಇಟ್ಟುಕೊಂಡು ಬರಲಿ. ಬರುವ ಸೋಮವಾರದಿಂದಲೇ ಇದನ್ನು ಆರಂಭಿಸಬಹುದು.